ರಕ್ತದ ಗುಂಪುಗಳು ಮತ್ತು ಕಿಣ್ವಗಳು

ಹೊಸಕೋಟೆಯನ್ನು ದಾಟಿ ಪೂರ್ವಕ್ಕೆ ಸಾಗಿದರೆ ಕೋಲಾರ ಜಿಲ್ಲೆ ದೊರೆಯುತ್ತದೆ. 2024ರಲ್ಲಿ ಆ ಜಿಲ್ಲೆಯ ಮಹಿಳೆಯೊಬ್ಬರಿಗೆ ಹೃದಯದ ಶಸ್ತ್ರಚಿಕಿತ್ಸೆಯಾಗಬೇಕಾಗಿದ್ದಿತು. ಅವರ ರಕ್ತವು ನಮ್ಮಲ್ಲಿ ಬಹು ಸಾಮಾನ್ಯವಾದ ‘ಓ’ ಪಾಸಿಟಿವ್ ಗುಂಪಿನದು. ಆದರೂ ದಾನಿಗಳಿಂದ ದೊರೆತ ‘ಓ’ ರಕ್ತದಲ್ಲಿ ಯಾವುದೊಂದೂ ಅದಕ್ಕೆ ಹೊಂದಲಿಲ್ಲ. ಬೆಂಗಳೂರಿನ ರೋಟರಿ ಟಿ.ಟಿ.ಕೆ. ರಕ್ತಕೇಂದ್ರದವರು ಅವರ ಕುಟುಂಬದ 20 ಮಂದಿಯ ರಕ್ತವನ್ನು ಪರೀಕ್ಷಿಸಿದರು. ಅಲ್ಲಿಯೂ ಹೊಂದಿಕೆ ಕಾಣಲಿಲ್ಲ. ಕೊನೆಗೆ ವೈದ್ಯರು ಹೊರಗಿನ ರಕ್ತವನ್ನು ಕೊಡದೆಯೇ ಶಸ್ತ್ರಚಿಕಿತ್ಸೆಯನ್ನು ನೆರವೇರಿಸಿದರು. ಗುಂಪು ಒಂದೇ ಆಗಿದ್ದೂ ರಕ್ತ ಹೊಂದದಿರಲು ಕಾರಣವೇನು? ಇದನ್ನು ತಿಳಿಯಬೇಕಾದರೆ ‘ಓ’ ಎಂಬ ಅಕ್ಷರವು ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂಬುದನ್ನು ಮೊದಲು ವಿಚಾರಿಸಬೇಕು.

ಕೆಂಪು ರಕ್ತಕಣದ ಮೇಲ್ಮೈಯಲ್ಲಿ ಸಕ್ಕರೆಯ ಅಣುಗಳು ಸರಪಳಿಗಳಂತೆ ಕೂಡಿಕೊಂಡಿವೆ. ವಿಯೆನ್ನಾದ ಕಾರ್ಲ್ ಲ್ಯಾಂಡ್‌ಸ್ಟೈನರ್ 1901ರಲ್ಲಿ ಪ್ರಕಟಿಸಿದ ರಕ್ತದ ವಿಭಾಗಕ್ಕೆ ಈ ಸರಪಳಿಗಳ ತುದಿಯ ರಚನೆಯೇ ಆಧಾರ. ಜೀನು ಸಕ್ಕರೆಯನ್ನು ತಾನೇ ನಿರ್ಮಿಸಲಾರದು. ಪ್ರೋಟೀನಿನ ನಿರ್ಮಾಣಕ್ಕೆ ಬೇಕಾದ ವಿಧಿಯನ್ನು ಮಾತ್ರ ಅದು ಒಳಗೊಂಡಿದೆ. ಇಲ್ಲಿ ಆ ಪ್ರೋಟೀನೇ ಕಿಣ್ವ. ಸಕ್ಕರೆಯನ್ನು ಸರಪಳಿಗೆ ಜೋಡಿಸುವ ಕೆಲಸ ಕಿಣ್ವದ್ದು.

ಈ ಜೋಡಣೆ ಎರಡು ಹಂತಗಳಲ್ಲಿ ನಡೆಯುತ್ತದೆ. ಮೊದಲನೆಯದಾಗಿ, 19ನೆಯ ವರ್ಣತಂತುವಿನ ಒಂದು ಜೀನಿನಿಂದ ಹುಟ್ಟಿದ ಕಿಣ್ವವು ಸರಪಳಿಗೆ ಫ್ಯೂಕೋಸ್ ಎಂಬ ಸಕ್ಕರೆಯನ್ನು ಸೇರಿಸುತ್ತದೆ. ಹೀಗಾದ ರಚನೆಗೆ ‘ಎಚ್’ ಎಂದು ಹೆಸರು. ಎರಡನೆಯ ಹಂತದ ಜೀನು 9ನೆಯ ವರ್ಣತಂತುವಿನಲ್ಲಿದೆ. ಅದರ ‘ಎ’ ರೂಪದ ಕಿಣ್ವವು ‘ಎಚ್’ಗೆ ಅಸಿಟೈಲ್ ಗ್ಯಾಲಕ್ಟೋಸಮೀನ್ ಎಂಬುದನ್ನೂ, ‘ಬಿ’ ರೂಪದ ಕಿಣ್ವವು ಗ್ಯಾಲಕ್ಟೋಸನ್ನೂ ಜೋಡಿಸುತ್ತವೆ. 354 ಅಮೈನೋ ಆಮ್ಲಗಳುಳ್ಳ ಈ ಎರಡು ಕಿಣ್ವಗಳಲ್ಲಿರುವ ಭೇದ ಕೇವಲ 4 ಅಮೈನೋ ಆಮ್ಲಗಳದು! ‘ಓ’ ಜೀನಿನ ಅತಿ ಸಾಮಾನ್ಯ ರೂಪದಲ್ಲಿ ಡಿ.ಎನ್.ಎ. ಬರಹದ ಒಂದೇ ಒಂದು ಅಕ್ಷರ ಬಿಟ್ಟುಹೋಗಿದೆ. ಅಲ್ಲಿಂದ ಮುಂದಿನ ಬರಹವೆಲ್ಲ ತಪ್ಪಾಗಿ, ಕಿಣ್ವವು ನಿರುಪಯುಕ್ತವಾಗುತ್ತದೆ. ‘ಎಚ್’ ಇದ್ದಂತೆಯೇ ಉಳಿಯುತ್ತದೆ.

ಪ್ರತಿಯೊಬ್ಬರೂ ತಂದೆಯಿಂದ ಒಂದು, ತಾಯಿಯಿಂದ ಒಂದು ಹೀಗೆ ಎರಡು ಜೀನುಗಳನ್ನು ಪಡೆಯುತ್ತಾರೆ. ‘ಎ’ ಮತ್ತು ‘ಬಿ’ ಕೂಡಿದರೆ ಎರಡೂ ಕೆಲಸಮಾಡುತ್ತವೆ; ‘ಓ’ ಮಾತ್ರ ಇನ್ನೊಂದರ ಮರೆಯಲ್ಲಿ ಅಡಗಿರುತ್ತದೆ. ಆದುದರಿಂದ ‘ಎ’ ಗುಂಪಿನ ತಂದೆಯಲ್ಲಿಯೂ ‘ಬಿ’ ಗುಂಪಿನ ತಾಯಿಯಲ್ಲಿಯೂ ಒಂದೊಂದು ‘ಓ’ ಜೀನು ಅಡಗಿದ್ದರೆ, ಅವರ ಮಗು ‘ಓ’ ಗುಂಪಿನದಾಗುವ ಸಂಭವ ನಾಲ್ಕರಲ್ಲೊಂದು ಪಾಲು.

ಮೊದಲ ಹಂತದ ಕಿಣ್ವವೇ ಇಲ್ಲದಿದ್ದರೆ ಏನಾಗುವುದು? ದೊಡ್ಡಬಳ್ಳಾಪುರದ ಮಗ್ಗಗಳನ್ನು ನೆನೆಯಿರಿ. ಹಾಸು ಇಲ್ಲದ ಮಗ್ಗದಲ್ಲಿ ಎಷ್ಟು ಬಣ್ಣದ ಹೊಕ್ಕು ಇದ್ದರೇನು, ಬಟ್ಟೆಯಾಗದು. ಹಾಗೆಯೇ ‘ಎಚ್’ ಇಲ್ಲದ ಕಣದ ಮೇಲೆ ‘ಎ’, ‘ಬಿ’ ಕಿಣ್ವಗಳು ಏನನ್ನೂ ಜೋಡಿಸಲಾರವು. ಇಂತಹ ರಕ್ತವನ್ನು ಮುಂಬಯಿಯಲ್ಲಿ ಗುರುತಿಸಿ 1952ರಲ್ಲಿ ಭೇಂಡೆ ಮತ್ತು ಅವರ ಸಂಗಡಿಗರು ವರ್ಣಿಸಿದರು. ‘ಬಾಂಬೆ ಗುಂಪು’ ಎಂದು ಹೆಸರಾದ ಇದು ಭಾರತದಲ್ಲಿ ಸುಮಾರು 10,000 ಮಂದಿಯಲ್ಲಿ ಒಬ್ಬರಿಗೆ ಇರುವುದೆಂದು ಅಂದಾಜು. ಸಾಮಾನ್ಯ ಪರೀಕ್ಷೆಗೆ ಇದು ‘ಓ’ ಎಂದೇ ತೋರುತ್ತದೆ. ಆದರೆ ಇವರ ಪ್ಲಾಸ್ಮಾದಲ್ಲಿ ‘ಎಚ್’ಗೆ ವಿರುದ್ಧವಾದ ಪ್ರತಿಕಾಯಗಳಿರುವುದರಿಂದ, ಸಾಮಾನ್ಯ ‘ಓ’ ರಕ್ತವನ್ನು ಕೊಟ್ಟರೆ ಪ್ರಾಣಾಪಾಯ ಉಂಟಾಗಬಹುದು.

ಇನ್ನೊಂದು ತೊಡಕೂ ಉಂಟು. ಇಂತಹ ತಾಯಿಯಲ್ಲಿ ‘ಬಿ’ ಜೀನು ಇದ್ದು, ತಂದೆ ಸಾಮಾನ್ಯ ‘ಓ’ ಗುಂಪಿನವನೆಂದು ಭಾವಿಸೋಣ. ಮಗುವು ತಾಯಿಯಿಂದ ‘ಬಿ’ಯನ್ನೂ ತಂದೆಯಿಂದ ‘ಎಚ್’ನ್ನೂ ಪಡೆದರೆ ‘ಬಿ’ ಗುಂಪಿನದಾಗುತ್ತದೆ. ತಂದೆತಾಯಿಗಳಿಬ್ಬರೂ ‘ಓ’ ಎಂದು ಚೀಟಿಯಲ್ಲಿ ಬರೆದಿರುವಾಗ, ಇದನ್ನರಿಯದವರು ತಾಯಿಯ ಮೇಲೆ ಸಂಶಯಪಡಬಹುದು. ದೋಷ ಅವಳದಲ್ಲ, ಪರೀಕ್ಷೆ ಪೂರ್ಣವಾಗಿಲ್ಲ, ಅಷ್ಟೆ.

ಕೋಲಾರದ ಮಹಿಳೆಯ ರಕ್ತ ಬಾಂಬೆ ಗುಂಪಿನದೂ ಆಗಿರಲಿಲ್ಲ. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿರುವ ಅಂತರರಾಷ್ಟ್ರೀಯ ಪ್ರಯೋಗಾಲಯದಲ್ಲಿ 10 ತಿಂಗಳ ಸಂಶೋಧನೆ ನಡೆದ ಮೇಲೆ ಕಾರಣ ತಿಳಿಯಿತು. ಭೇದವಿದ್ದುದು ಸಕ್ಕರೆಯಲ್ಲಲ್ಲ, ‘ಕ್ರೋಮರ್’ ವ್ಯವಸ್ಥೆಗೆ ಸೇರಿದ ಪ್ರೋಟೀನಿನಲ್ಲಿ. ದೇಹದ ರಕ್ಷಣೆಗಾಗಿಯೇ ಇರುವ ಕೆಲವು ಕಿಣ್ವಗಳು ನಮ್ಮ ಸ್ವಂತ ಕಣಗಳನ್ನೇ ನಾಶಮಾಡದಂತೆ ಈ ಪ್ರೋಟೀನು ತಡೆಯುತ್ತದೆ. ಹೊಸದಾಗಿ ತಿಳಿದುಬಂದ ಪ್ರತಿಜನಕಕ್ಕೆ ಕ್ರೋಮರ್, ಇಂಡಿಯಾ, ಬೆಂಗಳೂರು ಎಂಬ ಹೆಸರುಗಳ ಇಂಗ್ಲಿಷ್ ಮೊದಲಕ್ಷರಗಳಿಂದ ‘ಕ್ರಿಬ್’ ಎಂದು ನಾಮಕರಣವಾಯಿತು. 2025ರ ಜೂನ್‌ನಲ್ಲಿ ಇಟಲಿಯ ಮಿಲಾನ್ ನಗರದ ಸಮ್ಮೇಳನದಲ್ಲಿ ಇದನ್ನು ಪ್ರಕಟಿಸಲಾಯಿತು.

ಇಂತಹ ರಕ್ತ ವ್ಯವಸ್ಥೆಗಳು ಇಂದು 40ಕ್ಕೂ ಹೆಚ್ಚಾಗಿ ತಿಳಿದಿವೆ. ‘ಓ’ ಎಂಬ ಅಕ್ಷರವು ಅವುಗಳಲ್ಲಿ ಒಂದನ್ನು ಕುರಿತದ್ದು ಮಾತ್ರ. ಆದುದರಿಂದಲೇ ಗುಂಪು ತಿಳಿದ ಮೇಲೆಯೂ ದಾನಿಯ ಕಣಗಳನ್ನು ರೋಗಿಯ ಪ್ಲಾಸ್ಮಾದೊಡನೆ ಬೆರೆಸಿ ನೋಡುತ್ತಾರೆ. ರಕ್ತ ತರಲು ಹೋದವರಿಗೆ ಈ ಪರೀಕ್ಷೆಯ ಹೊತ್ತು ದೀರ್ಘವೆನಿಸಬಹುದು. ಆದರೆ ಕೋಲಾರದ ರೋಗಿಯನ್ನು ಹೊಂದದ ರಕ್ತದಿಂದ ಕಾಪಾಡಿದುದು ಆ ಪರೀಕ್ಷೆಯೇ ಎಂಬುದನ್ನು ಮರೆಯಲಾಗದು.