ಸುಳಿವು ಹಿಡಿದು ಜಗ್ಗಾಡಿದವರ ಪಾಠಗಳು

ಭಾನುವಾರದ ಪುರವಣಿಯ ಪದಬಂಧ ಬಿಡಿಸಲು ರಾಣೆಬೆನ್ನೂರಿನ ಚಹಾದಂಗಡಿಯೊಂದರ ಬಾಕಿನ ಮೇಲೆ ನಾವು ಕೆಲವರು ಸೇರುತ್ತೇವೆ. ಅದು ಮುಗಿದ ಮೇಲೆ ಒಬ್ಬರು ತಾವೇ ಕಟ್ಟಿದ ಗೂಢ ಸುಳಿವನ್ನು ಮುಂದಿಡಬೇಕು, ಉಳಿದವರು ಅದನ್ನು ಒಡೆಯಬೇಕು. ವಾದ ಹುಟ್ಟುವುದೇ ಅಲ್ಲಿ.

1. ಉತ್ತರ ಹೊಳೆದರೆ ಅರ್ಧ ಕೆಲಸ ಮಾತ್ರ. ಗೂಢ ಸುಳಿವಿನಲ್ಲಿ ನೇರ ಅರ್ಥ ಒಂದು, ಅಕ್ಷರದಾಟ ಇನ್ನೊಂದು. ಎರಡೂ ಒಂದೇ ಪದಕ್ಕೆ ಬಂದು ಕೂಡಬೇಕು. ‘ಆನೆ ಹಿಂತಿರುಗಿದರೆ ಲೋಕ (2)’. ಗಜ ತಿರುಗಿ ಜಗವಾಯಿತು. ನೇರ ಅರ್ಥ ಸುಳಿವಿನ ಮೊದಲಿಗೋ ಕೊನೆಗೋ ಇರುತ್ತದೆ, ನಡುವೆ ಹುಡುಕಬೇಡಿ. ನಮ್ಮಲ್ಲಿ ಉತ್ತರ ಹೇಳಿದವರಿಗೆ ‘ಹೆಂಗ್ರೀ?’ ಎಂಬ ಪ್ರಶ್ನೆ ತಪ್ಪಿದ್ದಲ್ಲ.

2. ಒತ್ತಕ್ಷರದ ಮನೆಯಿಂದ ಶುರು ಮಾಡಿ. 1913ರಲ್ಲಿ ನ್ಯೂಯಾರ್ಕ್ ವರ್ಲ್ಡ್ ಪತ್ರಿಕೆಗೆ ಆರ್ಥರ್ ವಿನ್ ಹೆಣೆದ ಪದಬಂಧದಲ್ಲಿ ಮನೆಗೊಂದು ರೋಮನ್ ಅಕ್ಷರ. ನಮ್ಮಲ್ಲಿ ಗುಣಿತ, ಒತ್ತು ಎಲ್ಲ ಸೇರಿ ಒಂದೇ ಮನೆ. ನಮ್ಮೂರ ಅಭಯಾರಣ್ಯದ ಕೃಷ್ಣಮೃಗ ನಾಲ್ಕೇ ಮನೆಯಲ್ಲಿ ನಿಲ್ಲುತ್ತದೆ. ಅಡ್ಡಪದದಿಂದ ‘ಷ್ಣ’ ಒಂದು ಸಿಕ್ಕರೆ ಸಾಕು, ಮುಂದಿನದು ತಾನಾಗಿ ಬರುತ್ತದೆ.

3. ಮೊದಲು ಕಂಡ ಅರ್ಥವನ್ನು ಬಿಟ್ಟುಬಿಡಿ. ‘ಸರ್ಪ, ಹತ್ತಿ ಕೂಡಿ 1997ರಲ್ಲಿ ಹುಟ್ಟಿದ ಜಿಲ್ಲೆ (3)’. ಹತ್ತಿಬೀಜದ ವ್ಯಾಪಾರದ ಊರಿನವರಿಗೆ ಹತ್ತಿ ಎಂದರೆ ಬೆಳೆಯೇ ಕಾಣುತ್ತದೆ. ಇಲ್ಲಿ ಅದು ‘ಏರಿ’. ಹಾವು, ಏರಿ ಸೇರಿದರೆ ಲೋಪಸಂಧಿ, ಹಾವೇರಿ. ಶಾಲೆಯ ವ್ಯಾಕರಣ ಇಷ್ಟು ಸಂತೋಷ ಕೊಡುವ ಜಾಗ ಬೇರೆ ಇಲ್ಲ.

4. ಹೆಸರುಗಳು ಎಲ್ಲಿ ಬೇಕಾದರೂ ಅಡಗುತ್ತವೆ. ‘ಬಾಡದ ಹೊನ್ನು, ಎತ್ತಲಿಂದ ಓದಿದರೂ ಅದೇ (3)’. ಕನ್ನಡದಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಎಂಬ ಭೇದವಿಲ್ಲ. ಊರಿನ ಹೆಸರು ಸಾದಾ ಮಾತಿನೊಳಗೆ ಸುಮ್ಮನೆ ಕೂತುಬಿಡುತ್ತದೆ. ದೂರದವರು ಬಾಡದ ಹೂವು ನೆನೆಯುತ್ತಾರೆ, ಶಿಗ್ಗಾಂವಿ ಕಡೆಯವರಿಗೆ ತಮ್ಮ ಬಾಡ ಗ್ರಾಮ ಕಂಡು ಆ ಊರಿನ ಕನಕ ಥಟ್ಟನೆ ಹೊಳೆಯುತ್ತಾನೆ. ಅರ್ಥ ಬಚ್ಚಿಟ್ಟ ಮುಂಡಿಗೆಗಳನ್ನು ಹಾಡಿ ಪಂಡಿತರು ತಲೆ ಕೆರೆದುಕೊಳ್ಳುವಂತೆ ಮಾಡಿದ ಕನಕದಾಸರಿಗೆ ಇಂಥ ಸುಳಿವು ಸಲ್ಲಬೇಕಾದದ್ದೇ. ಅವರ ಕಾಗಿನೆಲೆ ಇರುವುದು ಪಕ್ಕದ ಬ್ಯಾಡಗಿ ತಾಲ್ಲೂಕಿನಲ್ಲಿ.

5. ಆಡುಮಾತಿಗೂ ಮನೆ ಕೊಡಿ. ‘ನಮ್ಮವರ ನಿರಾಕರಣೆಗೆ ಗಿಣಿಯ ತಲೆ ಅಂಟಿದರೆ ಬಣ್ಣ ಹೆಚ್ಚು, ಖಾರ ಕಡಿಮೆ (3)’. ‘ಬ್ಯಾಡ’ ಗ್ರಂಥಸ್ಥ ರೂಪವಲ್ಲ ಎಂದು ಒಬ್ಬರು ತಕರಾರು ತೆಗೆದರು. ಸುಳಿವಿನಲ್ಲೇ ‘ನಮ್ಮವರ’ ಎಂದು ಹೇಳಿರುವಾಗ ತಕರಾರಿಗೆ ಜಾಗವಿಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. 2011ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಬ್ಯಾಡಗಿ ಮೆಣಸಿನಕಾಯಿಯನ್ನು ನಮ್ಮಲ್ಲಿ ಯಾರೂ ‘ಬೇಡಗಿ’ ಎನ್ನುವುದಿಲ್ಲ. ಪದಬಂಧದಲ್ಲಿ ನಮ್ಮ ಕಡೆಯ ಮಾತು ಇನ್ನೂ ಹೆಚ್ಚು ಬರಬೇಕು.

6. ದೀರ್ಘಕ್ಕೆ ರಿಯಾಯಿತಿ ಬೇಡ. ‘ನಮ್ಮ ಜಿಲ್ಲೆಯ ನದಿಯನ್ನು ಬಚ್ಚಿಟ್ಟುಕೊಂಡ ಮದುವೆಯ ಅಪರಾಧ (5)’. ಉತ್ತರ ವರದಕ್ಷಿಣೆ ಎಂದು ಎಲ್ಲರಿಗೂ ಗೊತ್ತಾಯಿತು, ಜಗಳ ಶುರುವಾದದ್ದು ಆಮೇಲೆ. ಗಲಗನಾಥದ ಬಳಿ ತುಂಗಭದ್ರೆಯನ್ನು ಕೂಡುವ ನದಿ ವರದಾ. ‘ದೀರ್ಘ ಎಲ್ಲಿ ಹೋತ್ರೀ ಮಾಸ್ತರ?’ ಎಂದು ಸುಳಿವು ಕಟ್ಟಿದ ಮಾಸ್ತರರನ್ನು ಕೇಳಿದರು ಬೀಜದಂಗಡಿಯ ಕಾಕಾ. ‘ಮಾತಿನ್ಯಾಗ ವರದ ಅಂತೀವಲ್ಲರೀ’ ಎಂದು ಮಾಸ್ತರರು ಹಟ ಹಿಡಿದರು. ನಾನು ಕಾಕಾನ ಕಡೆ ನಿಂತೆ. ಇಡೀ ಅಕ್ಷರವೇ ಒಂದು ಮನೆಯಾದಾಗ ‘ದ’ ಬೇರೆ, ‘ದಾ’ ಬೇರೆ. ಅಡ್ಡಪದ ಬಿಡಿಸುವವರು ಆ ‘ದ’ವನ್ನು ನಂಬಿಯೇ ಮುಂದೆ ಹೋಗುತ್ತಾರೆ. ಮಾಸ್ತರರು ಮರುವಾರ ಅದನ್ನೇ ತಿದ್ದಿ ತಂದರು: ‘ವರ ಕೊಡುವವನನ್ನು ಬಚ್ಚಿಟ್ಟುಕೊಂಡ ಮದುವೆಯ ಅಪರಾಧ (5)’. ವರ ಕೊಡುವವನು ವರದ, ಅಕ್ಷರ ಸರಿಯಾಯಿತು. ಮದುವೆಯ ಮಾತಿನಲ್ಲಿ ವರ ಎಂದರೆ ಮದುಮಗನೇ ನೆನಪಾಗುವುದರಿಂದ ಬಲೆಯೂ ಬಿಗಿಯಾಯಿತು. ನದಿ ಹೋದದ್ದಕ್ಕೆ ಕಾಕಾಗೆ ಬೇಜಾರಿತ್ತು, ಆದರೂ ಒಪ್ಪಿದರು.