ಹಾಡು ನಿಧಾನ, ಲೆಕ್ಕ ಅಂದಂದೇ

ಪುಟ್ಟಿ,

ಬೆಂಗಳೂರಿನ ಕೆಲಸ ಬಿಟ್ಟು ಆಲೂರಿನ ಮನೆಯ ಮಾಳಿಗೆಯಲ್ಲಿ ಕೂತು, ನೀನೇ ಹಾಡಿ, ನೀನೇ ಕಂಪ್ಯೂಟರಿನಲ್ಲಿ ಸಂಗೀತ ಕೂಡಿಸಿ, ಕೇಳಿದವರಿಗೆ ದನಿ ಕೊಟ್ಟು ಬದುಕುತ್ತೀನಿ ಅಂತ ಹೊರಟಿದ್ದೀಯ. "ಅಣ್ಣಾ, ನೀನಾದರೂ ಬುದ್ಧಿ ಹೇಳು" ಅಂತ ನಿನ್ನಪ್ಪ ನನ್ನ ಬೆನ್ನು ಹತ್ತಿದ್ದಾನೆ. ಮೇಷ್ಟ್ರಗಿರಿಯ ಜೊತೆಗೇ ಭಾವಗೀತೆ ಹಾಡಿಕೊಂಡು ಬಂದ ದೊಡ್ಡಪ್ಪ ನಿನಗೆ ಹಾಡಬೇಡ ಅಂತ ಯಾವ ಬಾಯಲ್ಲಿ ಹೇಳಲಿ? ಹೇಳುವುದು ಒಂದೇ ಮಾತು: ಹಾಡು ನಿಧಾನಕ್ಕೆ ಬರಲಿ, ಲೆಕ್ಕ ಮಾತ್ರ ಅಂದಂದೇ ಆಗಲಿ.

ನಿನ್ನ ಸಂಗೀತ ಎಲೆಕ್ಟ್ರಾನಿಕ್ ಅಂತ ಮೂಗು ಮುರಿಯುವವರಿಗೆ ಉತ್ತರ ಕೊಡುತ್ತಾ ಕೂರಬೇಡ. ನಮ್ಮ ಭಜನೆ ಮನೆಗಳಲ್ಲಿ ಕರೆಂಟಿನ ಶ್ರುತಿಪೆಟ್ಟಿಗೆ ಕೂತು ಎಷ್ಟು ಕಾಲವಾಯಿತು! ಎಲೆಕ್ಟ್ರಾನಿಕ್ ತಂಬೂರಿ, ತಾಳದ ಪೆಟ್ಟಿಗೆಗಳನ್ನು ಮನೆಮನೆಗೆ ತಲುಪಿಸಿದ್ದು ಬೆಂಗಳೂರಿನ ರಾಡೆಲ್‌ನ ಜಿ. ರಾಜ್ ನಾರಾಯಣ್, ಅವರು ಸ್ವತಃ ಸಂಗೀತಗಾರರು. 1987ರಲ್ಲಿ 'ಪ್ರೇಮಲೋಕ' ಬಂದಾಗ ಹಂಸಲೇಖ ಅವರ ಕೀಬೋರ್ಡ್ ಸದ್ದಿಗೆ ಹೆಜ್ಜೆ ಹಾಕದ ಹುಡುಗರು ಈ ಸೀಮೆಯಲ್ಲಿ ಇರಲಿಲ್ಲ. ಯಂತ್ರ ಯಾವುದಾದರೇನು, ಅದರ ಮೇಲೆ ಕೂರುವ ಮಾತು ಕೇಳಿಸಬೇಕು, ಅಷ್ಟೆ. ಸುಗಮ ಸಂಗೀತದಲ್ಲಿ ನಮಗೆ ಮೊದಲು ಕಲಿಸಿದ್ದೇ ಸಾಹಿತ್ಯಶುದ್ಧಿ. ರಿವರ್ಬ್ ಜಾಸ್ತಿಯಾದರೆ ಮೊದಲು ಮುಳುಗುವುದು ಒತ್ತಕ್ಷರ. ಹಾಡು ಮುಗಿಸಿದ ಮೇಲೆ ಸಾಹಿತ್ಯ ಗೊತ್ತಿಲ್ಲದವರೊಬ್ಬರಿಗೆ ಕೇಳಿಸಿ, ಕಿವಿಗೆ ಬಿದ್ದ ಪದಗಳನ್ನು ಬರೆಸು. ತಪ್ಪಾದ ಕಡೆ ಮತ್ತೆ ಹಾಡು.

ಪೂರ್ತಿ ಹಾಡಿಗೇ ಮೀಸಲಾಗದಿದ್ದರೆ ಕಲಾವಿದೆಯೇ ಅಲ್ಲ ಅನ್ನುವ ಗೀಳು ಹಚ್ಚಿಕೊಳ್ಳಬೇಡ. ನಮ್ಮ ಜಿಲ್ಲೆಯವರೇ, ಚನ್ನರಾಯಪಟ್ಟಣದಲ್ಲಿ 1939ರಲ್ಲಿ ಹುಟ್ಟಿದ ಸಿ. ಅಶ್ವತ್ಥ್, ಬೆಂಗಳೂರಿನ ಐಟಿಐ ಕಾರ್ಖಾನೆಯಲ್ಲಿ ನೌಕರಿ ಮಾಡುತ್ತಲೇ ಭಾವಗೀತೆಗೆ ಹೊಸ ಕಸುವು ತುಂಬಿದರು. 'ಕಾಡು ಕುದುರೆ'ಯ ಹಾಡಿಗೆ ರಾಷ್ಟ್ರಪ್ರಶಸ್ತಿ ಪಡೆದ ಶಿವಮೊಗ್ಗ ಸುಬ್ಬಣ್ಣ ವಕೀಲರಾಗಿದ್ದರು. ಹೊಟ್ಟೆಪಾಡಿನ ಕೆಲಸ ಅವರ ದನಿಯನ್ನು ಕುಗ್ಗಿಸಲಿಲ್ಲ. ವಾರದಲ್ಲಿ ಎರಡು ದಿನ ಮಕ್ಕಳಿಗೆ ಪಾಠ ಹೇಳು, ಇಲ್ಲವೇ ಬೇರೆಯವರ ಹಾಡು ಮಿಕ್ಸ್ ಮಾಡಿಕೊಡು. ಮನೆಖರ್ಚು ಅದರಲ್ಲಿ ನಡೆದರೆ, ಬೇಡವಾದ ಕೆಲಸಕ್ಕೆ "ಆಗಲ್ಲ" ಅನ್ನುವ ಧೈರ್ಯ ತಾನೇ ಬರುತ್ತದೆ.

ದುಡ್ಡಿನ ವಿಷಯದಲ್ಲಿ ನಿನಗೆ ಹೊರಗಿನ ಗುರು ಬೇಕಿಲ್ಲ. ಕಾಫಿಯವರ ಮನೆಯ ಮಗಳು ನೀನು. ಕೊಯ್ಲು ಮುಗಿದು ಬೀಜ ಮಾರಿದಾಗ ಒಮ್ಮೆ ಕೈತುಂಬ ಹಣ. ಆಮೇಲೆ ಗೊಬ್ಬರ, ಕಳೆ, ಚಿಗುರು ತೆಗೆಸುವುದು, ಬೋರ್ಡೋ ಹೊಡೆಸುವುದು ಅಂತ ವರ್ಷವಿಡೀ ಖರ್ಚು. ಹೂಮಳೆ ಕೈಕೊಟ್ಟರೆ ಮುಂದಿನ ವರ್ಷವೂ ಬಿಗಿ. ನಿನ್ನ ಕಸುಬಿನದೂ ಇದೇ ಗತಿ. ದೊಡ್ಡ ಕೆಲಸ ಬಂದ ತಿಂಗಳು ಹೊಸ ಸಿಂತ್ ಕೊಳ್ಳುವ ಮುಂಚೆ ಆರು ತಿಂಗಳ ಮನೆಖರ್ಚನ್ನು ಬೇರೆ ಖಾತೆಗೆ ಹಾಕು.

ಸ್ಟ್ರೀಮಿಂಗ್ ನಂಬಿ ಸಾಲ ಮಾಡಬೇಡ. 2024ರಿಂದ ಸ್ಪಾಟಿಫೈನಲ್ಲಿ, ಹಿಂದಿನ 12 ತಿಂಗಳಲ್ಲಿ 1,000 ಸಲ ಕೇಳದ ಹಾಡಿಗೆ ಕಾಸು ಹುಟ್ಟುವುದಿಲ್ಲ. ಸದ್ಯ ಹೊಟ್ಟೆ ತುಂಬಿಸುವುದು ದನಿಕೆಲಸ: ಯಾರೋ ಟ್ರ್ಯಾಕ್ ಕಳಿಸುತ್ತಾರೆ, ನೀನು ಹಾಡಿ ಕಳಿಸುತ್ತೀಯ. ಅರ್ಧ ಹಣ ಮುಂಗಡ ಬಂದ ಮೇಲೆ ಮೈಕ್ ಹಚ್ಚು. ತಿದ್ದುಪಡಿ ಎರಡು ಸಲ ಉಚಿತ, ಮೂರನೆಯದಕ್ಕೆ ಇಷ್ಟು ಅಂತ ಮೊದಲೇ ಬರೆದು ತಿಳಿಸು. "ಇನ್ನೂ ಸ್ವಲ್ಪ ಫೀಲ್ ಬೇಕಿತ್ತು" ಅನ್ನುವ ಮಾತಿಗೆ ಕೊನೆಯಿಲ್ಲ, ಅದಕ್ಕೆ ಬೆಲೆ ಕಟ್ಟಿದ ದಿನ ತಾನಾಗಿ ಕಡಿಮೆಯಾಗುತ್ತದೆ. ಟಿಡಿಎಸ್ ಹಿಡಿದುಕೊಂಡಿದ್ದರೆ ರಿಟರ್ನ್ ಹಾಕಿ ಲೆಕ್ಕ ಚುಕ್ತಾ ಮಾಡಿಕೋ.

ಸಕಲೇಶಪುರದ ಕಡೆ ಹೋಮ್‌ಸ್ಟೇಗಳಲ್ಲಿ ಹಾಡಲು ಕರೆಯುತ್ತಾರೆ, ಹೋಗು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಕೂಡದು ಅಂತ 2000ನೇ ಇಸವಿಯ ನಿಯಮವೇ ಇದೆ; ಹತ್ತಕ್ಕೆ ನಿಲ್ಲಿಸುತ್ತೀನಿ ಅಂತ ಮೊದಲೇ ಹೇಳಿಬಿಡು. ಆ ಹೊತ್ತಿನಲ್ಲಿ ಸ್ಕೂಟರ್ ಹತ್ತಿ ಮನೆಗೆ ಹೊರಡುವುದು ಬೇಡ. ಆನೆ ಯಾವ ತೋಟದಲ್ಲಿದೆ ಅಂತ ಅರಣ್ಯ ಇಲಾಖೆಯವರು ಮೊಬೈಲಿಗೆ ಮೆಸೇಜ್ ಕಳಿಸುವ ಸೀಮೆ ಇದು. ಊಟ, ರಾತ್ರಿ ಉಳಿಯಲು ಕೋಣೆ, ಎರಡೂ ಸಂಭಾವನೆಯ ಜೊತೆಗೆ ಒಪ್ಪಂದದಲ್ಲಿರಲಿ.

ಇನ್ನು ಕಾಗದಪತ್ರ. ತೋಟದ ಪಹಣಿ ನೋಡದೆ ಸಹಿ ಹಾಕದ ನಿಮ್ಮಪ್ಪ, ಮುಂಬೈಯವರು ನಿನಗೆ ಕಳಿಸಿರುವ ಹಾಡಿನ ಕರಾರು ಮಾತ್ರ ಓದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಹಕ್ಕು ಬರೆದುಕೊಡುವುದು ಲಿಖಿತವಾಗಿ, ಸಹಿಯೊಂದಿಗೇ ಆಗಬೇಕು. ಎಷ್ಟು ಕಾಲ ಅಂತ ನಮೂದಿಸದಿದ್ದರೆ 5 ವರ್ಷ, ಎಲ್ಲಿಗೆ ಅಂತ ನಮೂದಿಸದಿದ್ದರೆ ಭಾರತದ ಮಟ್ಟಿಗೆ ಎಂದೇ ಅರ್ಥ. ಅದಕ್ಕೇ ಜಾಣರು 'ಶಾಶ್ವತವಾಗಿ, ವಿಶ್ವದಾದ್ಯಂತ' ಅಂತ ಸೇರಿಸಿ ಕಳಿಸುತ್ತಾರೆ. ಆ ಎರಡು ಪದ ಕಂಡ ಕಡೆ ಪೆನ್ನು ಕೆಳಗಿಡು, ಬೆಲೆ ಮತ್ತೆ ಮಾತಾಡು. 2012ರ ತಿದ್ದುಪಡಿ ಬಂದ ಮೇಲೆ ಗೀತೆ ಬರೆದವರೂ ರಾಗ ಕಟ್ಟಿದವರೂ ತಮ್ಮ ರಾಯಧನದ ಪಾಲನ್ನು ಬಿಟ್ಟುಕೊಟ್ಟೆ ಅಂತ ಬರೆದುಕೊಟ್ಟರೂ ಅದು ನಿಲ್ಲುವುದಿಲ್ಲ. ಹಾಡಿದವರಿಗೂ ಪ್ರದರ್ಶಕರ ಹಕ್ಕು ಉಂಟು. ಬರೆದದ್ದು, ರಾಗ ಹಾಕಿದ್ದು ನೀನೇ ಆದರೆ 1969ರಲ್ಲಿ ಶುರುವಾದ, ರಾಯಧನ ವಸೂಲಿ ಮಾಡಿ ಹಂಚುವ ಐಪಿಆರ್‌ಎಸ್ ಸಂಘದಲ್ಲಿ ಹೆಸರು ನೋಂದಾಯಿಸು. ಗಾಯಕರಿಗೆ 2013ರಲ್ಲಿ ಇಸ್ರಾ ಅನ್ನುವ ಹೆಸರಿನಲ್ಲಿ ಹುಟ್ಟಿ, ಈಗ ಇಸಾಮ್ರಾ ಆಗಿರುವ ಸಂಘ ಇದೆ. ಸ್ನೇಹಿತರ ಜೊತೆ ಹಾಡು ಮಾಡಿದರೆ ಯಾರಿಗೆ ಎಷ್ಟು ಪಾಲು ಅನ್ನುವುದನ್ನು ಆ ಸಂಜೆಯೇ ಬರೆದು ಎಲ್ಲರೂ ಸಹಿ ಹಾಕಿ. ಹಾಡು ಹಿಟ್ ಆದ ಮೇಲೆ ಸ್ನೇಹಿತರ ನೆನಪಿನ ಶಕ್ತಿ ಬದಲಾಗುತ್ತದೆ.

ನಿನ್ನ ದನಿಯನ್ನೇ ಕಲಿತು ಹಾಡುವ ಯಂತ್ರಗಳು ಬಂದಿವೆ. ಅರಿಜಿತ್ ಸಿಂಗ್ ಅವರ ದನಿಯ ನಕಲಿಗೆ ಬಾಂಬೆ ಹೈಕೋರ್ಟ್ 2024ರಲ್ಲಿ ತಡೆ ಹಾಕಿತು. ಕೋರ್ಟಿಗೆ ಅಲೆಯುವ ಶಕ್ತಿ ನಮಗೆಲ್ಲಿ? ಈ ದನಿಯನ್ನು ಈ ಒಂದು ಹಾಡಿಗೆ ಬಿಟ್ಟು ಬೇರೆಲ್ಲೂ, ಎಐ ತರಬೇತಿಗೂ ಬಳಸಕೂಡದು ಅಂತ ಕರಾರಿನಲ್ಲಿ ಒಂದು ಸಾಲು ಸೇರಿಸು.

ಇದೇ ನ್ಯಾಯ ನಿನಗೂ ಅನ್ವಯಿಸುತ್ತದೆ. ಸೋಬಾನೆ ಪದ ಹೇಳುವ ಅಜ್ಜಿಯ ದನಿಯನ್ನು ಹಾಡಿನಲ್ಲಿ ಸೇರಿಸಬೇಕು ಅಂತಿದ್ದೀಯಲ್ಲ, ಪದ ಊರಿನದಿರಬಹುದು, ಹಾಡಿದ ಗಂಟಲು ಅವಳದು. ಕೇಳಿ ರೆಕಾರ್ಡ್ ಮಾಡು, ಕೈಗೆ ದುಡ್ಡು ಕೊಡು, ಹಾಡಿನ ಕೆಳಗೆ ಹೆಸರು ಹಾಕು.

ಮಾಳಿಗೆ ಕೋಣೆಯ ಮಾತಿಗೆ ಬರೋಣ. ಜೂನ್‌ನಿಂದ ತಗಡಿನ ಮೇಲೆ ಮಳೆ ಹೊಡೆಯಲು ಶುರುವಾದರೆ ಯಾವ ಪ್ಲಗಿನ್ನೂ ಆ ಸದ್ದನ್ನು ತೆಗೆಯದು. ದನಿ ಹಿಡಿಯುವ ಕೆಲಸವನ್ನು ನವೆಂಬರಿನಿಂದ ಮೇ ಒಳಗೆ ಮುಗಿಸಿಕೋ, ಮಳೆಗಾಲಕ್ಕೆ ಹೆಡ್‌ಫೋನ್ ಹಾಕಿ ಮಿಕ್ಸ್ ಮಾಡುವ ಕೆಲಸ ಉಳಿಸಿಕೋ. ಕಂಡೆನ್ಸರ್ ಮೈಕಿನ ತೆಳು ಪೊರೆಗೆ ಥಂಡಿ ಹಿಡಿದರೆ ಪಟಪಟ ಸದ್ದು ಬರುತ್ತದೆ. ಹಾಡಿದ ಮೇಲೆ ಅದನ್ನು ಸ್ಟ್ಯಾಂಡಿನಲ್ಲೇ ಬಿಡದೆ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡು. ಬೆನ್ನ ಹಿಂದೆ ಬಟ್ಟೆ ತುಂಬಿದ ಬೀರುವಿನ ಬಾಗಿಲು ತೆರೆದಿಟ್ಟು ಹಾಡಿದರೆ ಗೋಡೆಯ ಗುಂಯ್ ಅನ್ನುವ ಸದ್ದು ಸ್ವಲ್ಪ ಇಳಿಯುತ್ತದೆ. ನಾಲ್ಕು ನಿಮಿಷದ ಒಂದು ದನಿ ಟ್ರ್ಯಾಕ್ 24 ಬಿಟ್, 48 ಕಿಲೋಹರ್ಟ್ಸ್‌ನಲ್ಲಿ ಸುಮಾರು 35 ಎಂಬಿ. ಲೀಡ್, ಡಬಲ್, ಹಾರ್ಮೊನಿ ಎಲ್ಲ ಸೇರಿ ಇಪ್ಪತ್ತಾದರೆ 700 ಎಂಬಿ. ಜುಲೈನಲ್ಲಿ ಕರೆಂಟೂ ಟವರೂ ಒಟ್ಟಿಗೆ ಹೋದ ದಿನ ಅದು ಕದಲುವುದಿಲ್ಲ. ಗಡುವು ಒಪ್ಪುವಾಗ ಎರಡು ದಿನ ಹೆಚ್ಚೇ ಕೇಳು.

ಕೊನೆಯದು, ದುಃಖದ ವಿಚಾರ. ನಿನ್ನ ಹಾಡುಗಳಲ್ಲಿ ಅಗಲಿಕೆ ಜಾಸ್ತಿ, ಜನ ಕೇಳುವುದೂ ಅದನ್ನೇ. ಹಾಗಂತ ಹಾಡು ಬರಲಿ ಅಂತ ಸಂಕಟವನ್ನು ಕರೆದು ಕೂರಿಸಿಕೊಳ್ಳಬೇಡ. ಅಳುತ್ತಾ ಹಾಡಿದರೆ ಗಂಟಲು ಕಟ್ಟುತ್ತದೆ, ಸ್ವರ ಕೂರುವುದಿಲ್ಲ. ಅತ್ತು ಮುಗಿಸಿ, ಬಿಸಿನೀರು ಕುಡಿದು ಮಲಗು, ಮಾರನೆ ಬೆಳಿಗ್ಗೆ ಹಾಡು. ಕೇಳುವವರಿಗೆ ಬೇಕಾದ ನೋವು ಅಷ್ಟರಲ್ಲಿ ಹದಕ್ಕೆ ಬಂದಿರುತ್ತದೆ. ಸಂಕಟ ವಾರಗಟ್ಟಲೆ ಇಳಿಯದಿದ್ದರೆ ಅದು ಹಾಡಿನ ಸರಕಲ್ಲ, ಡಾಕ್ಟರ ಹತ್ತಿರ ಹೋಗಬೇಕಾದ ವಿಷಯ. ಕೆಲಸ ಇಲ್ಲದ ತಿಂಗಳು ಬಾಗಿಲು ಹಾಕಿಕೊಂಡು ಕೂರಬೇಡ, ನಾಲ್ಕು ಜನ ಸೇರುವ ಕಡೆ ಹೋಗು, ಸುಗ್ಗಿ ಹಬ್ಬಕ್ಕೆ ಬಾ.

ಮುಂದಿನ ವಾರ ಬರುವಾಗ ಆ ಮುಂಬೈಯವರ ಕರಾರಿನ ಪ್ರತಿ ತಂದುಬಿಡು. ಇಬ್ಬರೂ ಕೂತು ಸಾಲು ಸಾಲು ಓದೋಣ. ಹಾಡು ಆಮೇಲೆ ಕೇಳಿಸುವೆಯಂತೆ.

ನಿನ್ನ ದೊಡ್ಡಪ್ಪ