ಬೇಲಿ ಹಾರುವ ಹಸ್ಕಿ
ಹೊಸದಾಗಿ ಮನೆಗೆ ತಂದ ಹಸ್ಕಿ ನಾಯಿ ಪದೇ ಪದೇ ತಪ್ಪಿಸಿಕೊಳ್ಳುತ್ತಿದ್ದರೆ, ಅದಕ್ಕೆ ನಿಮ್ಮ ಮನೆ ಇನ್ನೂ ತನ್ನದೆನಿಸಿಲ್ಲದಿರಬಹುದು. ಮೇಲಾಗಿ ಸೈಬೀರಿಯಾದ ಚುಕ್ಚಿ ಜನ ಹಿಮಗಾಡಿ ಎಳೆಯಲೆಂದೇ ಬೆಳೆಸಿದ ತಳಿ, ಓಟ ರಕ್ತದಲ್ಲೇ ಇದೆ. ಎಲ್ಲಿಂದ ನುಸುಳುತ್ತದೆಂದು ಮೊದಲು ನೋಡಿ. ಬೇಲಿಯ ಬುಡದಲ್ಲಿ ಮಣ್ಣು ಕೆದರಿದ್ದರೆ ಗಟ್ಟಿ ತಂತಿಜಾಲರಿ ಬಿಗಿದು, ಅದರ ಕೆಳತುದಿಯನ್ನು ಎರಡಡಿ ಒಳಮುಖವಾಗಿ ಮಡಿಸಿ ಮಣ್ಣಿನಡಿ ಹಾಸಿ. ಹಾರುವುದಾದರೆ ಕಾಂಪೌಂಡ್ 6 ಅಡಿಗಾದರೂ ಏರಲಿ. ಪಕ್ಕದ ಕುಂಡ, ನೀರಿನ ಡ್ರಮ್ಮು ಅದರ ಪಾಲಿಗೆ ಮೆಟ್ಟಿಲು, ತೆಗೆಸಿಬಿಡಿ. ಸರಪಳಿ ಮಾತ್ರ ಬೇಡವೇ ಬೇಡ. ಬೆಳಗಿನ ತಂಪಿನಲ್ಲಿ ಚೆನ್ನಾಗಿ ಓಡಾಡಿಸಿ. ಅಂಗಳದಲ್ಲಿ ಒಂಟಿಯಾಗಿ ಬಿಡಬೇಡಿ. ಸಂತಾನಹರಣ ಚಿಕಿತ್ಸೆ ಆಗಿಲ್ಲದಿದ್ದರೆ ಪಶುವೈದ್ಯರನ್ನು ಕಾಣಿ, ಗಂಡುನಾಯಿಯ ಅಲೆದಾಟ ಅದರಿಂದ ತಗ್ಗಬಹುದು. ತಪ್ಪಿಸಿಕೊಂಡದ್ದು ಮರಳಿ ಬಂದಾಗ ಬೈಯಬೇಡಿ, ಬಂದದ್ದಕ್ಕೇ ಶಿಕ್ಷೆ ಎಂದುಕೊಳ್ಳುತ್ತದೆ. ಕೊರಳಪಟ್ಟಿಗೆ ನಿಮ್ಮ ಫೋನ್ ನಂಬರ್ ಇವತ್ತೇ ಹಾಕಿಸಿ.